ಬರಲಾಗದವರ ತಟ್ಟೆ

ಜೂನ್ ೪, ಗುರುವಾರ
ಸೈಕಲ್ ಅಂಗಡಿಯ ಮೇಲಿನ ಕೋಣೆ

ಪ್ರೀತಿಯ ಅಕ್ಕ,

ಭೂಮಂಡಲದ ಸಮಸ್ತರಿಗೂ, ಅವರ ಪೈಕಿ ಮುಖ್ಯವಾಗಿ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಮಧ್ಯಾಹ್ನ ಒಂದೂ ಮುಕ್ಕಾಲು ಗಂಟೆಯ ಶುಭ ಗಳಿಗೆಯಲ್ಲಿ ನಿನ್ನ ಒಡಹುಟ್ಟಿದ ತಮ್ಮನು ತಾನು ಉಂಡ ತಟ್ಟೆಯನ್ನು ತಾನೇ ತೊಳೆದನು. ಕುಳಿತುಕೋ. ನೀರು ಕುಡಿ. ಇನ್ನೂ ಇದೆ. ಒಂದಲ್ಲ, ಎರಡು ತಟ್ಟೆ ತೊಳೆದನು. ಎರಡೂ ಒಡೆಯಲಿಲ್ಲ. ಸ್ಟೀಲಿನವು ಎಂಬ ಸಣ್ಣ ವಿವರವನ್ನು ಚರಿತ್ರೆಕಾರರು ಬಿಟ್ಟುಬಿಡಬಹುದು.

ಈ ತೂಕ-ಅಳತೆ ತಪಾಸಣೆಯ ಕೆಲಸಕ್ಕೆ ಸೇರಿದಾಗ ನೀನು ಹೇಳಿದ್ದು ನೆನಪಿದೆ: "ಊರೂರು ತಿರುಗಿ ತಕ್ಕಡಿ ನೋಡ್ತೀಯ, ಹೊಟ್ಟೆ ಯಾರು ನೋಡ್ತಾರೆ?" ಅಕ್ಕ, ಹೊಟ್ಟೆಯನ್ನು ನೋಡುವವರು ಇದ್ದಾರೆ. ಈ ಸಲದ ಸುತ್ತಾಟದಲ್ಲಿ ಇದು ಮೂರನೆಯ ಊಟದ ಮನೆ. ಮೊದಲನೆಯದು ಕಿವಿ ಕೇಳದವರು ನಡೆಸುವುದು. ಅಲ್ಲಿ ಕೈಸನ್ನೆಯಲ್ಲಿ ಒಂದು ಚಹಾ ಕೇಳಲು ಹೋಗಿ ನಾನು ಏನು ಕೇಳಿದೆನೋ, ಬಡಿಸುವ ಹೆಂಗಸು ಗಂಡನನ್ನು ಕರೆದುಕೊಂಡು ಬಂದಳು. ಎರಡನೆಯದು ಜೈಲಿನಿಂದ ಹೊರಬಂದವರದು. ಬ್ರೆಡ್ಡು ಕೊಯ್ಯುವವನ ಕೈಯಲ್ಲಿದ್ದ ಚಾಕುವಿನ ಉದ್ದ ನೋಡಿ, ಉಪ್ಪಿಲ್ಲದ ಸೂಪನ್ನು ಬಹಳ ಹೊಗಳಿದೆ. ಅವನು ಸಂತೋಷದಿಂದ ಇನ್ನೊಂದು ಬಟ್ಟಲು ತಂದ.

ಈ ಮೂರನೆಯದು ಹಳೆಯ ಬಸ್ ಡಿಪೋದ ಶೆಡ್ಡಿನಲ್ಲಿದೆ. ನೆಲದ ಮೇಲೆ ಈಗಲೂ ಎಣ್ಣೆಯ ಕಲೆ. ಉದ್ದನೆಯ ನಾಲ್ಕು ಮೇಜು. ಕೂಲಿಯವರು, ಕಚೇರಿಯವರು, ಮನೆ ಇರುವವರು, ಇಲ್ಲದವರು ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ಬಿಲ್ಲಿನ ಮಾತೇ ಇಲ್ಲ. ಗೋಡೆಯ ಮೇಲಿನ ಹಲಗೆಯಲ್ಲಿ ಕಾನೂನುಗಳಿವೆ. ಉಂಡವರು ಎರಡು ತಟ್ಟೆ ತೊಳೆಯಬೇಕು, ಒಂದು ತನ್ನದು, ಒಂದು ಇನ್ನೊಬ್ಬರದು. ಯಾರನ್ನೂ ಏಕೆ, ಏನು ಎಂದು ಕೇಳಬಾರದು. ತೊಳೆದ ತಟ್ಟೆಯನ್ನು ಮೂರು ಸಲ ಮೂಸಿ ನೋಡಬೇಕು. (ಹೌದು, ನೀನು ಮೂಸುವ ಹಾಗೆಯೇ! ಇಡೀ ಶೆಡ್ಡಿನ ತುಂಬ ನಿನ್ನ ಶಿಷ್ಯರು. ನಲವತ್ತು ಜನ ಸಾಲಾಗಿ ನಿಂತು ಬೆಕ್ಕುಗಳ ಹಾಗೆ ಮೂಸುತ್ತಾರೆ.) ಕೊನೆಯ ಕಾನೂನಂತೂ ಕಟ್ಟು ಹಾಕಿಸಿ ಇಡಬೇಕು: "ನೆಗಡಿಯಾದವರು ಸೌಟು ಮುಟ್ಟಬಾರದು. ಹೇಳಲು ನಾಚಬಾರದು. ಕಾಳು ಆರಿಸುತ್ತ ಕೂರಲಿ." ನಾನು ಒಂದು ಸೀನು ಸೀನಿದ್ದಕ್ಕೆ ನನ್ನ ಮುಂದೆ ಒಂದು ಮೊರ ತಂದಿಟ್ಟರು.

ತೊಳೆಯುವ ತೊಟ್ಟಿಯ ಹತ್ತಿರ ನಿವೃತ್ತ ಕಂಡಕ್ಟರೊಬ್ಬರಿದ್ದಾರೆ. ಬಸ್ಸು ಬಿಟ್ಟು ಎಷ್ಟೋ ಕಾಲವಾಯಿತು, ಬಾಯಿಯ ಅಭ್ಯಾಸ ಬಿಟ್ಟಿಲ್ಲ. "ಮುಂದೆ ಹೋಗಿ, ಮುಂದೆ ಹೋಗಿ, ಒಳಗಡೆ ಜಾಗ ಖಾಲಿ ಇದೆ!"

ಒಂದು ತಪ್ಪು ಮಾಡಿದೆ. ಕೊನೆಯ ಮೇಜಿನ ತುದಿಯಲ್ಲಿ ಏಳೆಂಟು ತಟ್ಟೆ ಬೋರಲು ಹಾಕಿದ್ದವು. ಜಾಗ ಕಂಡಿತೆಂದು ಕೂತು ಒಂದನ್ನು ಎತ್ತಿದೆ. ಶೆಡ್ಡಿಗೆ ಶೆಡ್ಡೇ ನನ್ನ ಕಡೆ ತಿರುಗಿತು. ಬಡಿಸುವ ಅಮ್ಮ ಬಂದು ಮೆಲ್ಲಗೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. "ಅದು ಬರಲಾಗದವ್ರ ತಟ್ಟೆ ಕಣಪ್ಪ."

"ಯಾವಾಗ ಬರ್ತಾರಮ್ಮ ಅವ್ರು?" ಎಂದೆ. ಅವರು ನಕ್ಕರು. ಹಲ್ಲಿಲ್ಲದ ನಗು, ಆದರೂ ನಾನು ಎದ್ದು ಬೇರೆ ಮೇಜಿಗೆ ಹೋದೆ.

ನಿನ್ನ ಒಲೆಯ ಮೇಲೆ ಈಗಲೂ ಹೂವಿನ ಕುಂಡವೇ ಇದೆಯೇ? ಹನ್ನೊಂದು ವರ್ಷವಾಯಿತು ಅಕ್ಕ. ಗಿಡಕ್ಕೂ ಬೇಜಾರಾಗಿರಬೇಕು.

ನಿನ್ನ,
ತಟ್ಟೆ ತೊಳೆದ ತಮ್ಮ


ಜೂನ್ ೧೨

ತಮ್ಮಾ,

ಕಾಗದ ಬಂತು. ಈ ಮನೆಯಲ್ಲಿ ನಲವತ್ತಾರು ವರ್ಷದಲ್ಲಿ ಒಂದು ಲೋಟ ಎತ್ತಿಡದವನು ಪರ ಊರಿನಲ್ಲಿ ಎರಡು ತಟ್ಟೆ ತೊಳೆದೆಯಂತೆ. ಸಂತೋಷ. ಎಡಗೈಯಲ್ಲಿ ತೊಳೆದೆಯೋ, ಬಲಗೈಯಲ್ಲೋ ಎಂದು ಕೇಳುವುದಿಲ್ಲ.

ನೀನು ಕೊಟ್ಟ ಫೋನು ಧೂಳಾಗದಂತೆ ಟವೆಲ್ಲಿನಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ. ಆಗಾಗ ಒಳಗಿನಿಂದಲೇ ಕೂಗುತ್ತದೆ. ಕೂಗಿ ಸುಮ್ಮನಾಗುತ್ತದೆ.

ಕುಂಡ ಇದ್ದಲ್ಲೇ ಇದೆ. ಬ್ರೆಡ್ಡು, ಹಾಲು, ಹಣ್ಣು, ಪಕ್ಕದ ಮನೆಯವರು ತಂದುಕೊಡುವ ಡಬ್ಬಿ, ಇಷ್ಟರಲ್ಲೇ ನಡೆಯುತ್ತದೆ. ಗುರುವಾರ ಅದೂ ಬೇಡ. ಉಳಿದ ದಿನ ಹನ್ನೆರಡಕ್ಕೇ ಹೊಟ್ಟೆ ಚುರುಗುಟ್ಟುತ್ತದೆ, ಗುರುವಾರ ಮಧ್ಯಾಹ್ನ ಮಾತ್ರ ಯಾರೋ ಬಡಿಸಿ, ಉಂಡು, ಎದ್ದ ಹಾಗೆ ಇರುತ್ತದೆ. ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಇದು ಮೂರನೆಯ ಬಣ್ಣ.

ಅಡುಗೆಮನೆ ಕಿಟಕಿಯ ಪರದೆ ನೀನೇ ಒಯ್ದದ್ದು ಎಂದು ನಾನು ಈಗಲೂ ಹೇಳುತ್ತೇನೆ. ಒಪ್ಪಿಕೊಂಡರೆ ಕ್ಷಮಿಸುತ್ತೇನೆ.

ಆ ನೆಗಡಿಯ ಕಾನೂನು ಬರೆದವರು ಯಾರು? ಕೇಳಿ ತಿಳಿಸು. ಮರೆಯಬೇಡ. ಅಲ್ಲಿಯವರೆಗೆ ಅಲ್ಲಿ ಉಣ್ಣಬೇಡ.

ಅಕ್ಕ


ಜೂನ್ ೧೮

ಅಕ್ಕ,

ಇಲ್ಲಿ ಹವೆ ಚೆನ್ನಾಗಿದೆ. ಬೆಳಿಗ್ಗೆ ಸ್ವಲ್ಪ ಮೋಡ, ಹತ್ತರ ನಂತರ ಬಿಸಿಲು, ಸಂಜೆ ಗಾಳಿ. ಮಾರುಕಟ್ಟೆಯ ತಕ್ಕಡಿಗಳಲ್ಲಿ ಹತ್ತು ನೋಡಿದೆ, ಆರು ಪ್ರಾಮಾಣಿಕ, ಮೂರು ಅನುಮಾನ, ಒಂದು ರಾಜಕೀಯಕ್ಕೆ ಸೇರಬೇಕಾದದ್ದು. ಸೈಕಲ್ ಅಂಗಡಿಯವರು ದಿನವಿಡೀ ಗಂಟೆಗಳನ್ನು ಬಾರಿಸಿ ಪರೀಕ್ಷಿಸುತ್ತಾರೆ, ನನಗೆ ಒಂದು ಸಾವಿರ ಸೈಕಲ್ಲುಗಳು ದಾರಿ ಕೇಳಿದ ಹಾಗಾಗುತ್ತದೆ.

ನೀನು ಅಲ್ಲಿ ಉಣ್ಣಬೇಡ ಎಂದದ್ದು ಶುಚಿತ್ವದ ಚಿಂತೆಯಿಂದ ಎಂದು ಗೊತ್ತು. ಹೆದರಬೇಡ, ನಿನಗಿಂತ ಹೆಚ್ಚು ಮೂಸುವವರು.

ಕಾನೂನು ಯಾರು ಬರೆದರೋ ಗೊತ್ತಿಲ್ಲವಂತೆ. ಅಡುಗೆಮನೆಗಳಲ್ಲಿ ಇಂಥವು ತಾವಾಗಿ ಹುಟ್ಟಿಕೊಳ್ಳುತ್ತವೆ. ಜೇಡರ ಬಲೆಯ ಹಾಗೆ.

ಹವೆ ನಿಜಕ್ಕೂ ಚೆನ್ನಾಗಿದೆ.

ತಮ್ಮ

ಮರೆತಿದ್ದೆ: ಆ ಪರದೆಯ ಮೇಲೆ ಇದ್ದದ್ದು ಏನು? ಹೂವೋ, ಮತ್ತೇನೋ?


ಜೂನ್ ೨೪

ತಮ್ಮಾ,

ಚಿಕ್ಕಂದಿನಿಂದ ನೋಡಿದ್ದೇನೆ, ಸುಳ್ಳು ಹೇಳುವಾಗ ನೀನು ಹವೆಯ ವಿಷಯ ಎತ್ತುತ್ತೀಯ. ಅಪ್ಪನ ಕನ್ನಡಕ ಒಡೆದ ದಿನ "ಇವತ್ತು ಸೆಕೆ ಅಲ್ವಾ?" ಎಂದು ಎಲ್ಲರನ್ನೂ ಕೇಳಿಕೊಂಡು ಬಂದಿದ್ದೆ. ಆಗ ಜನವರಿ. ತಕ್ಕಡಿಯ ಸುಳ್ಳು ನಿನಗೆ ಸಿಗುತ್ತದೆ, ನಿನ್ನದು ನನಗೆ.

ಪರದೆಯಲ್ಲಿ ಇದ್ದದ್ದು ಮೀನು. ಹಳದಿ ಬಟ್ಟೆ, ನೀಲಿ ಮೀನು. ಒಂದು ಮೀನಿಗೆ ಕಣ್ಣಿರಲಿಲ್ಲ, ಒಗೆಯುವಾಗ ಹೋಗಿತ್ತು. ನಾನು ಬಾಲ್‌ಪೆನ್ನಿನಿಂದ ಇಟ್ಟಿದ್ದೆ.

ಕೇಳಬೇಕಾದದ್ದನ್ನು ಕೇಳಿಯೇ ಬಿಡುತ್ತೇನೆ. ಯಾರಿಗೂ ಹೇಳಿಲ್ಲ. ನಿನಗೂ.

ನಾನು ಬೇಯಿಸುತ್ತಿದ್ದ ಕಾರ್ಖಾನೆಯ ಕ್ಯಾಂಟೀನಿನ ಆ ದಿನದ ಮೇಲೆ ಒಲೆ ಹಚ್ಚಲಿಲ್ಲ, ಅದು ನಿನಗೆ ಗೊತ್ತು. ಉಂಡವರಲ್ಲಿ ನಲವತ್ತು ಜನ ಹಾಸಿಗೆ ಹಿಡಿದರು, ಗೇಟಿನ ಕಾವಲಿನವರು ತೀರಿಕೊಂಡರು. ತೊಟ್ಟಿಯ ನೀರಿನ ತಪ್ಪು, ಅಡುಗೆಯದ್ದಲ್ಲ ಎಂದು ತನಿಖೆಯವರು ಬರೆದುಕೊಟ್ಟರು. ಬರೆದುಕೊಟ್ಟರೆ ಆಯಿತೇ. ಆಮೇಲೆ ನಿನ್ನ ಭಾವನೂ ನಾನೂ ಬ್ರೆಡ್ಡಿನ ಮೇಲೆ ಬದುಕಿದೆವು. ಒಂದೆರಡು ತಿಂಗಳಿಗೆ ಅವರ ಅಂಗಿಯಲ್ಲಿ ಬೇರೆ ಮನೆಯ ಅಡುಗೆಯ ವಾಸನೆ ಬರತೊಡಗಿತು. ಗುರುವಾರ ಗುರುವಾರ. ಲಾರಿ ತೆಗೆದುಕೊಂಡು ಹೋದವರು ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದರು. ಕೈಯಲ್ಲಿ ಬೇರೆ ಸೋಪಿನ ವಾಸನೆ. ಹೆಂಡತಿ ಬೇಯಿಸಿ ಹಾಕದಿದ್ದರೆ ಇನ್ನೊಬ್ಬಳು ಹಾಕುತ್ತಾಳೆ, ಅದರಲ್ಲಿ ಕೇಳುವುದೇನಿದೆ? ಕೇಳಲಿಲ್ಲ. ಮಾತೇ ಬಿಟ್ಟೆ. ಮೂರು ವರ್ಷ ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು.

ಕೊನೆಯ ಗುರುವಾರ ಬಾಗಿಲಲ್ಲಿ ಮುಖ ನೋಡಿಯೇ ಹೇಳಿದೆ: "ಎಲ್ಲಿ ಉಣ್ತೀರೋ ಅಲ್ಲೇ ಇರಿ. ಇಲ್ಲಿಗೆ ಬರಬೇಡಿ." ಅವರು ಒಂದು ಥರ ನಕ್ಕು ಹೋದರು. ಸಂಜೆ ಲಾರಿ ರಸ್ತೆ ಪಕ್ಕ ನಿಂತಿತ್ತು, ಬ್ರೇಕು ಹಾಕಿತ್ತು, ಅವರು ಸ್ಟೇರಿಂಗಿನ ಮೇಲೆ ತಲೆ ಇಟ್ಟಿದ್ದರು. ಎಂಟು ವರ್ಷದಿಂದ ಆ ನಗು ಈ ಮನೆಯಲ್ಲಿ ಓಡಾಡುತ್ತಿದೆ. ಕಳ್ಳನ ನಗುವೋ, ಬೇಜಾರಿನದೋ ಗೊತ್ತಾಗಿಲ್ಲ.

ಅಲ್ಲಿ ಬಡಿಸುವವಳ ವಯಸ್ಸೆಷ್ಟು? ನೋಡಲು ಹೇಗಿದ್ದಾಳೆ? ಹವೆ ಬಗ್ಗೆ ಬರೆಯಬೇಡ.

ಅಕ್ಕ


ಜುಲೈ ೮
(ಅಂಚೆ ಕಾರ್ಡು)

ಬದುಕಿದ್ದೀಯೋ ಇಲ್ಲವೋ? ಒಂದು ಸಾಲು ಬರೆ. ಸತ್ತಿದ್ದರೆ ಸೈಕಲ್ ಅಂಗಡಿಯವರ ಕೈಯಲ್ಲಿ ಬರೆಸು.

ಅಕ್ಕ


ಜುಲೈ ೧೭

ಅಕ್ಕ,

ಬದುಕಿದ್ದೇನೆ. ಯಾರು ಬದುಕಿದ್ದಾರೆ, ಯಾರು ಇಲ್ಲ ಎಂಬುದೇ ಈ ಊರಿನ ದೊಡ್ಡ ಪ್ರಶ್ನೆ. ಆದ್ದರಿಂದಲೇ ಮೂರು ವಾರ ತಡ. ಬರೆದು ಹರಿದ ಕಾಗದಗಳಲ್ಲಿ ಕೆಳಗಿನ ಅಂಗಡಿಯವರು ನಟ್ಟು ಬೋಲ್ಟು ಕಟ್ಟಿಕೊಡುತ್ತಿದ್ದಾರೆ.

ಮೊದಲು ನಿನ್ನ ಪ್ರಶ್ನೆಗೆ. ಬಡಿಸುವ ಅಮ್ಮನಿಗೆ ಎಪ್ಪತ್ತೆಂಟು. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ. ಬೆನ್ನು ಪ್ರಶ್ನಾರ್ಥಕ ಚಿಹ್ನೆ. ಭಾವನನ್ನು "ಮಗಾ" ಎನ್ನುತ್ತಿದ್ದರಂತೆ. ಬೇರೆ ಯಾರೂ ಇರಲಿಲ್ಲ ಅಕ್ಕ. ಬೇರೆ ಮನೆಯೇ ಇರಲಿಲ್ಲ. ಇದ್ದದ್ದು ಈ ಶೆಡ್ಡು.

ನಾನು ಸುಳ್ಳು ಹೇಳಿದ್ದು ನಿಜ. ನೆಗಡಿಯ ಕಾನೂನನ್ನು ಬರೆದದ್ದು ಯಾರೆಂದು ಕೇಳಿದ ದಿನವೇ ಹೇಳಿದರು: "ನಮ್ಮ ಲಾರಿಯಣ್ಣ." ಮೂಸುವುದನ್ನು ಕಲಿಸಿದವರೂ ಅವರೇ. ಲಾರಿಗಳು ಲೋಕದಲ್ಲಿ ಬಹಳ ಇವೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಗೋಡೆಯ ಮೊಳೆಯಲ್ಲಿ ಅವರು ಕಟ್ಟಿಕೊಳ್ಳುತ್ತಿದ್ದ ಏಪ್ರನ್ನು ತೋರಿಸಿದರು. ಹಳದಿ ಬಟ್ಟೆ, ನೀಲಿ ಮೀನು. ಆ ದಿನ ಹವೆಯ ಬಗ್ಗೆ ಬರೆದೆ. ನೀನು ಕಣ್ಣಿನ ವಿಷಯ ಬರೆದ ಮೇಲೆ ಹೋಗಿ ಹುಡುಕಿದೆ. ಎಡ ಜೇಬಿನ ಹತ್ತಿರ ಇದೆ. ಬಾಲ್‌ಪೆನ್ನು ಸ್ವಲ್ಪ ಹರಡಿದೆ, ಮೀನು ಅತ್ತ ಹಾಗೆ ಕಾಣುತ್ತದೆ. ಪರದೆಯ ಕಳ್ಳತನದ ಆರೋಪದಿಂದ ನನ್ನನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ.

ಈಗ ಕಷ್ಟದ ಭಾಗ. ಬೋರಲು ಹಾಕಿದ ತಟ್ಟೆಗಳಲ್ಲಿ ಒಂದು ನಿನ್ನದು.

ಯಾರಿಗಾದರೂ ಬರಲಾಗದಿದ್ದರೆ ಅವರ ಹೆಸರಿನಲ್ಲಿ ಇಲ್ಲಿ ಒಂದು ತಟ್ಟೆ ಇಡಬಹುದು. ವಾರಕ್ಕೊಮ್ಮೆ, ನಿನ್ನದಾದರೆ ಗುರುವಾರ, ಅದನ್ನು ನೆಟ್ಟಗೆ ಮಾಡಿ ಮೊದಲ ಸೌಟು ಅದಕ್ಕೆ ಬಡಿಸುತ್ತಾರೆ, ಕೊನೆಗೆ ಬಂದವರು ಅದನ್ನು ಉಣ್ಣುತ್ತಾರೆ. ಭಾವ ಬಂದ ಮೊದಲ ದಿನ ಎರಡು ತಟ್ಟೆ ಕೇಳಿದರಂತೆ. "ಒಂದು ನಮ್ಮನೆಯವಳಿಗೆ. ಅವಳಿಗೆ ಬರೋಕ್ಕಾಗಲ್ಲ ಕಣಮ್ಮ" ಎಂದು ಹೇಳಿ ಗಂಡಸು ಬಿಕ್ಕಿ ಬಿಕ್ಕಿ ಅತ್ತರಂತೆ. ಅಮ್ಮ ಹೆಗಲ ಮೇಲೆ ಕೈ ಇಟ್ಟರು. ಏಕೆ, ಏನು ಎಂದು ಕೇಳಬಾರದೆಂಬ ಕಾನೂನು ಗೋಡೆಯ ಮೇಲಿದೆಯಲ್ಲ, ಯಾರೂ ಕೇಳಲಿಲ್ಲ. ಹಾಗೆ ಅತ್ತರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಆ ಗಳಿಗೆಯಿಂದ ನೀನು ಈ ಊರಿನಲ್ಲಿ ಸತ್ತಿದ್ದೀಯ ಅಕ್ಕ.

ಬಹಳ ಗೌರವದ ಸಾವು. ನಿನ್ನ ತಟ್ಟೆಯನ್ನು ಯಾರೂ ಎಡಗೈಯಲ್ಲಿ ಮುಟ್ಟುವುದಿಲ್ಲ. ಉಪ್ಪು ಹೆಚ್ಚಾಗಿದೆಯೇ ಎಂದು ಅನುಮಾನ ಬಂದರೆ "ಲಾರಿಯಣ್ಣನ ಹೆಂಡ್ತಿ ಇದ್ದಿದ್ರೆ ಹಬೆ ನೋಡೇ ಹೇಳ್ತಿದ್ಲು" ಎನ್ನುತ್ತಾರೆ. ಪಾತ್ರೆ ತಾನಾಗಿ ಸದ್ದು ಮಾಡಿದರೆ ನೀನು. ಹಾಲು ಉಕ್ಕುವ ಮೊದಲು ಯಾರಿಗಾದರೂ ಎಚ್ಚರವಾದರೆ ನೀನು. ಕಂಡಕ್ಟರು ಒಮ್ಮೆ ನೀರಿನ ಸಂಪಿನೊಳಗೆ ಜಾರಿ ಬೀಳುವುದು ತಪ್ಪಿತಂತೆ, "ಅಕ್ಕ ಹಿಂದಿನಿಂದ ಅಂಗಿ ಹಿಡ್ಕೊಂಡ್ರು ಸಾರ್" ಎಂದು ನನಗೆ ಆ ಅಂಗಿಯನ್ನೇ ತೋರಿಸಿದರು. ನೀನು ಇಷ್ಟೆಲ್ಲ ಓಡಾಡುತ್ತಿರುವುದು ನಿನಗೇ ಗೊತ್ತಿಲ್ಲ. ಮನೆಯಲ್ಲಿ ಮಾತ್ರ ಮಂಡಿ ನೋವು.

ಬಾಯಿ ತೆರೆದು ಹೇಳಬೇಕಿತ್ತು. ಮೂರು ಸಲ ತೆರೆದೆ, ಮೂರು ಸಲವೂ ಸೊಪ್ಪು ಬಡಿಸಿದರು. "ನಿನಗೆ ಅವಳು ಗೊತ್ತಿದ್ಲಾ ಮಗಾ?" ಎಂದು ಅಮ್ಮ ಕೇಳಿದಾಗ "ಸ್ವಲ್ಪ" ಎಂದೆ. ನಿನ್ನ ತಮ್ಮ ಎಂಥ ಹೇಡಿ ಎಂದು ಬರೆದಿಟ್ಟುಕೋ.

ಕೊನೆಯ ಗುರುವಾರದ ಮಾತನ್ನು ನಾನೇ ಕೇಳಿದೆ. ನಿನಗಾಗಿ. ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಆವತ್ತು ಕುಣ್ಕೊಂಡೇ ಬಂದ. 'ಅಮ್ಮಾ, ನಮ್ಮನೆಯವಳು ಇವತ್ತು ಮಾತಾಡಿದ್ಲು' ಅಂದ. ನನ್ನ ಮೈ ಜುಂ ಅಂತು. 'ಏನಂದ್ಲೋ?' ಅಂದೆ. 'ಬೈದ್ಲು. ಮುಖ ನೋಡ್ಕೊಂಡು ಬೈದ್ಲು. ಮೂರು ವರ್ಷ ಆಗಿತ್ತು ಕಣಮ್ಮ' ಅಂತ ನಗ್ತಾನೆ. ಎರಡು ಸಲ ಬಡಿಸ್ಕೊಂಡ. 'ಮುಂದಿನ ವಾರ ಹೇಗಾದ್ರೂ ಅವಳ್ನ ಕರ್ಕೊಂಡ್ ಬರ್ತೀನಿ' ಅಂದ. ಸತ್ತೋಳನ್ನ ಹೇಗಪ್ಪಾ ಕರ್ಕೊಂಡ್ ಬರ್ತಾನೆ? ಅವಳೇ ಇವನ್ನ ಕರೀತಿದ್ದಾಳೆ ಅಂತ ನಂಗೆ ಆಗ್ಲೇ ಗೊತ್ತಾಯ್ತು. ಮತ್ತೆ ಬರ್ಲಿಲ್ಲ. ಅವನ ತಟ್ಟೇನೂ ಬೋರಲು ಹಾಕಿ ಅವಳ ತಟ್ಟೆ ಪಕ್ಕಕ್ಕಿಟ್ವಿ."

ನಗುವಿನ ವಿಷಯ ಇಷ್ಟು ಅಕ್ಕ.

ನಿನ್ನೆ ಗುರುವಾರ ಬೇಕೆಂದೇ ಎಲ್ಲರಿಗಿಂತ ಕೊನೆಗೆ ಹೋದೆ. ನಿನ್ನ ತಟ್ಟೆ ಸಿಕ್ಕಿತು. ಆಲೂಗಡ್ಡೆ, ಬೀನ್ಸು, ಅನ್ನ. ಉಂಡೆ. ತೊಳೆದೆ. ಮೂಸಿದೆ. ಒಂದು, ಎರಡು. ಮೂರನೆಯ ಸಲ ನಿನ್ನ ಹಳೆಯ ಅಡುಗೆಮನೆಯ ವಾಸನೆ ಬಂತು, ಒಗ್ಗರಣೆ ಸ್ವಲ್ಪ ಸೀದಂಥದ್ದು, ನೀನು "ಇಲ್ಲಿ ಯಾಕೋ ಬಂದೆ, ಹೋಗಾಚೆ" ಎನ್ನುತ್ತಿದ್ದ ಹೊತ್ತಿನದು. ತಿರುಗಿ ನೋಡಿದೆ. ಒಲೆ ಆರಿ ಗಂಟೆಯಾಗಿತ್ತು. ಸೋಪಿನದಿರಬೇಕು. ಬೇರೆ ಏನೋ ಎಂದು ನಾನು ಹೇಳುತ್ತಿಲ್ಲ.

ಇವರಿಗೆ ಏನು ಹೇಳಲಿ?

ತಮ್ಮ


ಜುಲೈ ೩೦, ಗುರುವಾರ

ತಮ್ಮಾ,

ನಿನ್ನ ಕಾಗದವನ್ನು ಎಂಟು ದಿನ ಟವೆಲ್ಲಿನಲ್ಲಿ ಸುತ್ತಿ ಫೋನಿನ ಪಕ್ಕ ಇಟ್ಟಿದ್ದೆ. ಇವತ್ತು ತೆಗೆದು ಮತ್ತೆ ಓದಿದೆ.

ಪರದೆಯ ವಿಷಯದಲ್ಲಿ ನಿನ್ನನ್ನು ಬಿಟ್ಟಿದ್ದೇನೆ. ಉಳಿದವುಗಳಲ್ಲಿ ಅಲ್ಲ.

ಆ ದಿನ ನನಗೆ ನೆಗಡಿ ಇತ್ತು. ಇಷ್ಟೇ. ಇದನ್ನು ನನ್ನ ಬಾಯಿಂದ ಕೇಳಿದವರು ಲೋಕದಲ್ಲಿ ಒಬ್ಬರೇ, ನಿನ್ನ ಭಾವ. ನೀರಿಗೆ ವಾಸನೆ ಇತ್ತೆಂದು ತನಿಖೆಯಲ್ಲಿ ನಾಲ್ಕು ಜನ ಹೇಳಿದರು. ನನಗೆ ಬರಲಿಲ್ಲ. ಮೂಗು ಕಟ್ಟಿತ್ತು. ಬೆಳಿಗ್ಗೆಯೇ "ಇವತ್ತು ನನ್ನಿಂದ ಆಗಲ್ಲ" ಎಂದು ಹೇಳಬಹುದಿತ್ತು. ದೊಡ್ಡ ಅಡುಗೆಯವಳು, ನೆಗಡಿಗೆ ರಜೆ ಕೇಳುವುದೇ ಎಂದು ನಾಚಿಕೆಯಾಯಿತು. ನಿನ್ನ ಮೊದಲ ಕಾಗದದಲ್ಲಿ "ಹೇಳಲು ನಾಚಬಾರದು" ಎಂದು ಓದಿದಾಗಲೇ ಅದು ಯಾರ ಮಾತೆಂದು ಗೊತ್ತಾಯಿತು. ನನಗೆ ಹೇಳಬೇಕೆಂದಿದ್ದನ್ನು ಅವರು ಊರಿನವರಿಗೆಲ್ಲ ಹೇಳಿಬಿಟ್ಟಿದ್ದಾರೆ. ನಾನೂ ಗೋಡೆಗೆ ಹೇಳುತ್ತಿದ್ದೆ, ಅವರೂ ಗೋಡೆಗೇ ಬರೆದರು. ಒಳ್ಳೆಯ ಜೋಡಿ.

ಗುರುವಾರ ನನಗೆ ಹಸಿವಾಗದಿದ್ದದ್ದಕ್ಕೆ ಡಾಕ್ಟರು ಮೂರು ಬಣ್ಣದ ಮಾತ್ರೆ ಕೊಟ್ಟರು. ನನ್ನ ಊಟ ಬೇರೆ ಊರಿನಲ್ಲಿ ನಡೆಯುತ್ತಿದೆ ಎಂದು ಪಾಪ ಅವರಿಗೇನು ಗೊತ್ತು. ನನ್ನ ಹೆಸರಿನಲ್ಲಿ ಯಾರ್ಯಾರು ಉಂಡರೋ, ಒಳ್ಳೆಯದಾಗಲಿ. ಯಾರೂ ಹಾಸಿಗೆ ಹಿಡಿಯಲಿಲ್ಲವಲ್ಲ?

ಹೋದ ವಾರ ಒಬ್ಬಳೇ ಕೂತು ಆ ನಗುವನ್ನು ಮತ್ತೆ ಕೇಳಿಸಿಕೊಂಡೆ. ಅದು ಈಗಲೂ ಇಲ್ಲೇ ಓಡಾಡುತ್ತದೆ, ಹೋಗಿಲ್ಲ. ಆದರೆ ಹಜಾರದಿಂದ ಅಡುಗೆಮನೆಗೆ ಬಂದಿದೆ. ಅಲ್ಲಿ ನಿಂತಿರುತ್ತದೆ. ಇವತ್ತು ಕುಂಡ ತೆಗೆದು ಕಿಟಕಿಗೆ ಇಟ್ಟೆ. ಒಲೆಯ ಮೇಲೆ ಅದರ ಗುಂಡನೆಯ ಗುರುತು ಉಳಿದಿದೆ, ಉಜ್ಜಿದರೂ ಹೋಗಲಿಲ್ಲ. ಹಚ್ಚಿದೆ. ಎರಡು ಆಲೂಗಡ್ಡೆ ಬೇಯಿಸಿದೆ. ಬೇಯಿಸುವ ಮೊದಲು ನೀರನ್ನು ಎಷ್ಟು ಸಲ ಮೂಸಿದೆ ಎಂದು ಕೇಳಬೇಡ. ಒಂದೂ ಮುಕ್ಕಾಲಿಗೆ ಹೊಟ್ಟೆ ಚುರುಗುಟ್ಟಿತು. ಗುರುವಾರ! ನನ್ನ ತಟ್ಟೆಯನ್ನು ಅಲ್ಲಿ ಇವತ್ತು ಯಾರಾದರೂ ನೆಟ್ಟಗೆ ಮಾಡಲು ಮರೆತರೋ ಏನೋ. ಅಥವಾ ಕೊನೆಗೆ ಬಂದವರು ಇವತ್ತು ನಾನೇ ಆಗಿರಬಹುದು.

ಅವರಿಗೆ ಏನೂ ಹೇಳಬೇಡ. ಎಪ್ಪತ್ತೆಂಟು ವರ್ಷದ ಹೆಂಗಸಿಗೆ ಕಾಗದದಲ್ಲಿ ಇಂಥ ಸುದ್ದಿ ಕಳಿಸಬಾರದು. ನಾನೇ ಹೇಳುತ್ತೇನೆ. ಬಾಗಿಲಲ್ಲಿ ನಿಂತು ಮೊದಲು ಒಂದು ಸಲ ಕೆಮ್ಮುತ್ತೇನೆ. ಕಂಡಕ್ಟರನ್ನು ಮಾತ್ರ ಸಂಪಿನಿಂದ ದೂರ ನಿಲ್ಲಿಸು, ಈ ಸಲ ನಿಜವಾಗಿ ಬೀಳುತ್ತಾರೆ. ಹೋದಮೇಲೆ ಮೊದಲ ದಿನ ಕಾಳು ಆರಿಸುತ್ತ ಕೂರುತ್ತೇನೆ, ನೆಗಡಿ ಇಲ್ಲದಿದ್ದರೂ. ಆಮೇಲೆ ನೋಡೋಣ.

ನಿನ್ನ ಭಾವನ ತಟ್ಟೆಯನ್ನು ಹಾಗೆಯೇ ಬೋರಲು ಇರಲು ಬಿಡಲಿ. ನನ್ನದನ್ನು ನಾನು ಬಂದು ಎತ್ತುತ್ತೇನೆ.

ಬಸ್ಸು ಎಷ್ಟು ಗಂಟೆಗೆ ಎಂದು ನಾನೇ ವಿಚಾರಿಸಿಕೊಳ್ಳುತ್ತೇನೆ. ನೀನು ಒಂದು ಸಣ್ಣ ಕೆಲಸ ಮಾಡು. ಅಲ್ಲಿನ ದೊಡ್ಡ ಒಲೆ ನೆಲದಿಂದ ಎಷ್ಟು ಎತ್ತರ ಇದೆ ಎಂದು ಅಳೆದು ಬರೆ. ನನ್ನ ಮಂಡಿ ಈಗ ಮೊದಲಿನ ಹಾಗೆ ಬಗ್ಗುವುದಿಲ್ಲ, ತಗ್ಗಾಗಿದ್ದರೆ ಇಲ್ಲಿಂದ ಉದ್ದ ಹಿಡಿಯ ಸೌಟು ತರಬೇಕಾಗುತ್ತದೆ. ಕಣ್ಣಳತೆ ಬೇಡ. ಟೇಪು ಹಿಡಿದು ಅಳೆ.

ಅಕ್ಕ